ದೊಡ್ಡವ್ವನ ಪುಟ ಜಿಗಿದದ್ದು

ಬನಹಟ್ಟಿಯಲ್ಲಿ ಮಗ್ಗದ ಸದ್ದು ಅಡಗಿದ ಮೇಲೆ ದೊಡ್ಡವ್ವ ಮೊಬೈಲಿನಲ್ಲಿ ಕಾದಂಬರಿ ಹಿಡಿದು ಕೂಡುತ್ತಾಳೆ. ಪುಸ್ತಕ ಕೊಂಡವನು ಜಮಖಂಡಿಯಲ್ಲಿರುವ ನಾನು. ಖಾತೆ ಒಂದು, ಓದುವವರು ಇಬ್ಬರು. ಒಂದು ರಾತ್ರಿ ಫೋನ್ ಬಂತು: "ತಮ್ಮಾ, ನಾ ಎಂಟನೇ ಅಧ್ಯಾಯದಾಗ ಇದ್ದೆ. ಪುಟ ತಾನ ಜಿಗಿದು ಕಡೀಕ ಹೋಗೇತಿ. ಯಾರು ಸತ್ರು ಅನ್ನೂದು ಮೊದಲ ಗೊತ್ತಾತು ನೋಡು." ಕೊನೆಯ ಪುಟ ಮುಟ್ಟಿದವನು ನಾನು. ಆ್ಯಪ್ ಇಬ್ಬರನ್ನೂ ಒಬ್ಬನೇ ಓದುಗನೆಂದು ಎಣಿಸಿ, ನನ್ನ ಗುರುತನ್ನು ಅವಳ ಫೋನಿಗೂ ಒಯ್ದಿತ್ತು.

ಅಚ್ಚಿನ ಪುಸ್ತಕವನ್ನು ಓದಿ ಬೀಳಗಿಯ ಅಕ್ಕನಿಗೆ ಬಸ್ಸಿನಲ್ಲಿ ಕಳಿಸಬಹುದು, ಯಾರ ಅಪ್ಪಣೆಯೂ ಬೇಡ. ಇ-ಪುಸ್ತಕದಲ್ಲಿ ಸಾಮಾನ್ಯವಾಗಿ ನಾವು ಕೊಳ್ಳುವುದು ಓದುವ ಪರವಾನಗಿ ಮಾತ್ರ. 2009ರಲ್ಲಿ ಅಮೆಜಾನ್, ಆರ್ವೆಲ್‌ನ ‘1984’ರ ಕೆಲವು ಪ್ರತಿಗಳನ್ನು ಕೊಂಡವರ ಕಿಂಡಲ್‌ನಿಂದಲೇ ಅಳಿಸಿ ಹಣ ಮರಳಿಸಿತು. ಕೊಂಡದ್ದೇ ಕೈಯಲ್ಲಿ ಉಳಿಯದಿದ್ದರೆ ಕೊಡುವುದು ಹೇಗೆ?

ಗೂಗಲ್, ಆಪಲ್‌ಗಳ ಕುಟುಂಬ ಗುಂಪಿಗೆ ಒಂದು ಗುಣವಿದೆ: ಪ್ರತಿಯೊಬ್ಬರಿಗೂ ಬೇರೆ ಖಾತೆ, ಬೇರೆ ಗುರುತು. ಆದರೆ ಅಲ್ಲಿ ಕುಟುಂಬವೆಂದರೆ ಹೆಚ್ಚೆಂದರೆ ಆರು ಜನ; ಗೂಗಲ್‌ನಲ್ಲಿ ಎಲ್ಲರೂ ಒಂದೇ ದೇಶದಲ್ಲಿರಬೇಕು. ನಮ್ಮ ಕಡೆಯ ಕೂಡು ಕುಟುಂಬ ಆರಕ್ಕೆ ಮುಗಿಯುವುದಿಲ್ಲ, ದುಬೈಗೆ ದುಡಿಯಲು ಹೋದ ಮಗನೂ ಮನೆಯವನೇ. ಕನ್ನಡಕ್ಕೆ ಇನ್ನೊಂದು ಪೆಟ್ಟು: 2016ರಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಕನ್ನಡ ಹೊರಗೇ ಉಳಿಯಿತು.

ದಾರಿ ಕಾಣದ ಓದುಗ ವಾಟ್ಸಾಪ್‌ನಲ್ಲಿ ಪಿಡಿಎಫ್ ಹರಿಬಿಡುತ್ತಾನೆ. ಅದನ್ನು ನಾನು ಒಪ್ಪಲಾರೆ. ನೂರು ಮನೆಗೆ ಪುಕ್ಕಟೆ ಹೋದ ಪುಸ್ತಕದಿಂದ ಬರೆದವರಿಗೆ ಒಂದು ರೂಪಾಯಿಯೂ ಸೇರುವುದಿಲ್ಲ. ಹಂಚುವುದಕ್ಕೂ ಒಂದು ಘನತೆ ಇದೆ. ನಮ್ಮ ಮುಧೋಳದ ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಬರೆಸಿ ಹಂಚಿದಳು. ಓಲೆಯ ಖರ್ಚು, ಬರೆಯುವವರ ಕೂಲಿ ಅವಳದು. ಓದು ಹಬ್ಬಿತು, ದುಡಿದವರ ಕೈ ಬರಿದಾಗಲಿಲ್ಲ.

ಕನ್ನಡದ ಇ-ಪುಸ್ತಕ ಮಾರುವವರು ಇದನ್ನೇ ಅಳತೆಗೋಲಾಗಿ ಹಿಡಿಯಲಿ. ಬೆಲೆ ತುಸು ಹೆಚ್ಚಾದರೂ ಸರಿ, ಮನೆಯ ಹತ್ತು ಹೆಸರಿಗೆ ಹತ್ತು ಗುರುತು ಕೊಡಲಿ. ಬೇರೆ ಮನೆಗೆ ತಿಂಗಳ ಮಟ್ಟಿಗೆ ಕಡ ಕೊಟ್ಟು ಮರಳಿ ಪಡೆಯುವ ಅನುಕೂಲ ಮಾಡಲಿ.

ಸದ್ಯಕ್ಕೆ ದೊಡ್ಡವ್ವನ ಹೆಸರಿನಲ್ಲೇ ಖಾತೆ ತೆರೆದು ಮುಂದಿನ ಕಾದಂಬರಿ ಕೊಡಿಸಿದ್ದೇನೆ. ಮೊನ್ನೆ ಹೇಳಿದಳು: "ಈಗ ನಾ ಬಿಟ್ಟಲ್ಲೇ ಪುಟ ಕಾಯ್ತದ."