ಗದ್ದಲವೇ ಇತಿಹಾಸ: ಕುಂವೀ ಅವರ ‘ಅರಮನೆ’

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ಕುಡತಿನಿ ಸಿಗುತ್ತದೆ. ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬ ಇಲ್ಲಿದೆ, ಕಲ್ಲಿದ್ದಲು ಸುಡುವ ಶಾಖೋತ್ಪನ್ನ ಸ್ಥಾವರವೂ ಇದೆ. ಉಕ್ಕಿನ ಕಾರ್ಖಾನೆ ಬರುತ್ತದೆಂದು ಹೊಲ ಬಿಟ್ಟುಕೊಟ್ಟು, ಅತ್ತ ಕಾರ್ಖಾನೆಯೂ ಇಲ್ಲ ಇತ್ತ ಹೊಲವೂ ಇಲ್ಲ ಎಂದು ಧರಣಿ ಕೂತ ರೈತರದೂ ಇದೇ ಸೀಮೆ. ನೆಲ ಯಾರದು, ಅದರ ಕಾಗದ ಯಾರ ಕೈಯಲ್ಲಿದೆ ಎಂಬ ಜಗಳ ಇನ್ನೂ ಮುಗಿಯದ ಊರಿನಲ್ಲಿ ಕೂತು ಓದಿದರೆ ಕುಂ. ವೀರಭದ್ರಪ್ಪನವರ ‘ಅರಮನೆ’ ಕಾದಂಬರಿ ಹಳೇ ಕಾಲದ ಕಥೆ ಅನ್ನಿಸುವುದೇ ಇಲ್ಲ.

ಕುಂವೀ ಕೊಟ್ಟೂರಿನವರು. ಹುಟ್ಟಿದ್ದು 1953ರ ಅಕ್ಟೋಬರ್ 1ರಂದು. ಆಂಧ್ರ ರಾಜ್ಯ ರಚನೆಯಾದದ್ದು ಅದೇ ದಿನ. ಬಳ್ಳಾರಿ ಮೈಸೂರಿಗೆ ಸೇರಿ, ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದದ್ದೂ ಅದೇ ದಿನ. ಮುಂದೆ ಅವರು ಗಡಿಯಾಚೆ, ಕರ್ನೂಲು ಜಿಲ್ಲೆಯ ವಾಗಿಲಿಯಂಥ ಹಳ್ಳಿಗಳಲ್ಲಿ ಮೇಷ್ಟ್ರಾಗಿ ದುಡಿದರು. ತೆಲುಗು ಕಲೆತ ಕನ್ನಡ, ರಾಯಲಸೀಮೆಯ ಹಗೆತನ, ಬರದಲ್ಲೂ ಬತ್ತದ ಜನರ ಬಾಯಿ, ಎಲ್ಲವೂ ಅವರ ಬರವಣಿಗೆಗೆ ಅಲ್ಲಿಂದಲೇ ಬಂದವು. ‘ಗಾಂಧಿ ಕ್ಲಾಸು’ ಆತ್ಮಕಥೆ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅರಮನೆ’ಗೆ ಥಾಮಸ್ ಮನ್ರೋನ ಕಾಲವೇ ಹಿನ್ನೆಲೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಮನ್ರೋ 1807ರವರೆಗೆ ಇಲ್ಲಿ ಕಲೆಕ್ಟರನಾಗಿದ್ದು ಪಾಳೇಗಾರರನ್ನು ಹತ್ತಿಕ್ಕಿದ, ಹೊಲಗಳನ್ನು ಅಳೆಸಿದ, ರೈತವಾರಿ ಕಂದಾಯ ತಂದ. ದಫ್ತರಗಳು ಹೇಳುವುದು ಇಷ್ಟು. ಜನ ಹೇಳುವುದು ಬೇರೆ. ಅವರು ತಮ್ಮ ಮಕ್ಕಳಿಗೆ ಮುನ್ರೋಲಪ್ಪ ಎಂದು ಹೆಸರಿಟ್ಟರು, ಮಂತ್ರಾಲಯದ ರಾಯರು ಅವನಿಗೆ ಕಾಣಿಸಿಕೊಂಡರು ಎಂದರು. ಕುಂವೀ ಕೈಹಾಕಿದ್ದು ಈ ಎರಡನೆಯ ಕಡತಕ್ಕೆ. ಕುದುರೆಡವಿನ ಪಾಳೇಗಾರಿಕೆ ಒಳಗಿಂದೊಳಗೇ ಕುಸಿಯುತ್ತಿರುವಾಗ, ಸಾಂಬವಿ ಎಂಬ ತಾಯಿ ಸಾಮಾನ್ಯನೊಬ್ಬನ ಮೈದುಂಬುತ್ತಾಳೆ. ಜನ ಅರಮನೆ ಬಿಟ್ಟು ಅವನ ಗುಡಿಸಲಿಗೆ ಮುಗಿಬೀಳುತ್ತಾರೆ. ಅಧಿಕಾರ ಕೈಬದಲಾಗುವುದನ್ನು ಕಾದಂಬರಿ ತೋರಿಸುವುದು ಯುದ್ಧಭೂಮಿಯಲ್ಲಲ್ಲ, ಹರಕೆ ಹೊತ್ತವರ ಸಾಲಿನಲ್ಲಿ. ಕನ್ನಡದ ಐತಿಹಾಸಿಕ ಕಾದಂಬರಿಗೆ ರಾಜನೋ ದಂಡನಾಯಕನೋ ನಾಯಕನಾಗಿರಬೇಕಿತ್ತು. ಇಲ್ಲಿ ಆ ಜಾಗದಲ್ಲಿ ಊರಿಗೂರೇ ನಿಂತಿದೆ.

ಇದಕ್ಕೆ ತಕ್ಕ ವಾಕ್ಯವನ್ನೂ ಅವರು ಕಟ್ಟಿಕೊಂಡಿದ್ದಾರೆ. ಒಬ್ಬ ಶುರುಮಾಡಿದ ಮಾತನ್ನು ಇನ್ನೊಬ್ಬ ಕಸಿದುಕೊಳ್ಳುತ್ತಾನೆ, ಮೂರನೆಯವಳು ಅದಕ್ಕೊಂದು ಬೈಗುಳ ಸೇರಿಸುತ್ತಾಳೆ, ನಡುವೆ ಕಚೇರಿಯ ‘ಸದರಿ’ ತೂರಿಕೊಳ್ಳುತ್ತದೆ. ಒಂದು ಎನ್ನುವುದು ‘ವಂದು’ ಆಗಿ, ಇಲ್ಲ ಎನ್ನುವುದು ‘ಯಿಲ್ಲ’ ಆಗಿ ಅಚ್ಚಾಗುತ್ತದೆ. ಇದನ್ನು ಅತಿ ಎಂದವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಯಾರೂ ಬರೆದಿಡದ ಜನರ ಚರಿತ್ರೆ ಸಿಗುವುದು ಇಂಥ ಬಾಯಿಮಾತಿನ ಗದ್ದಲದಲ್ಲೇ. ಅದನ್ನು ತಿದ್ದಿ ತೀಡಿದರೆ ಕೈಯಲ್ಲಿ ಉಳಿಯುವುದು ಮತ್ತೆ ಮನ್ರೋನ ದಫ್ತರವೇ.

ತಕರಾರು ಇರುವುದು ಬೇರೆ ಕಡೆ. ಇಡೀ ಕಾದಂಬರಿ ಒಂದೇ ಏರುದನಿಯಲ್ಲಿ ಸಾಗುತ್ತದೆ. ಮೊದಲ ಪುಟಗಳಲ್ಲಿ ಮೈನವಿರೇಳಿಸಿದ ಪವಾಡ ನಡುಭಾಗಕ್ಕೆ ಬರುವ ಹೊತ್ತಿಗೆ ರೂಢಿಯಾಗಿಬಿಡುತ್ತದೆ. ಸಾವುಗಳು ಸಾಲುಗಟ್ಟಿದಾಗ ಯಾರಿಗಾಗಿ ಅಳಬೇಕೆಂದು ತಿಳಿಯುವುದಿಲ್ಲ. ಹೆಂಗಸರಿಗೆ ಇದರಿಂದ ಹೆಚ್ಚು ನಷ್ಟ. ಅವರಿಗೆ ಬಾಯಿ ಜೋರು, ಧೈರ್ಯವೂ ಇದೆ. ಆದರೆ ಒಬ್ಬಳೇ ಕೂತು ತನ್ನಷ್ಟಕ್ಕೆ ಯೋಚಿಸುವ ಒಂದು ಗಳಿಗೆಯನ್ನು ಕಾದಂಬರಿ ಅವರಿಗೆ ಕೊಡುವುದು ತೀರಾ ಅಪರೂಪ. ಜನಸಮೂಹವನ್ನು ಇಷ್ಟು ಚೆನ್ನಾಗಿ ಬಲ್ಲ ಲೇಖಕ ಒಂಟಿ ಜೀವದ ಹತ್ತಿರ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು.

ನಿಲ್ಲಲು ಬಾರದವರೇನಲ್ಲ ಅವರು. ನಾಗತಿಹಳ್ಳಿ ಚಂದ್ರಶೇಖರ್ ಸಿನಿಮಾ ಮಾಡಿದ ‘ಕೊಟ್ರೇಶಿ ಕನಸು’ ಕಥೆಯಲ್ಲಿ ಓದಬೇಕೆನ್ನುವ ದಲಿತ ಹುಡುಗನ ಆಸೆ ಇದೆ. ಗಿರೀಶ್ ಕಾಸರವಳ್ಳಿ ತೆರೆಗೆ ತಂದ ‘ಕೂರ್ಮಾವತಾರ’ದಲ್ಲಿ ಗಾಂಧಿ ಪಾತ್ರ ಹಾಕಬೇಕಾಗಿ ಬಂದ ಸರ್ಕಾರಿ ನೌಕರನ ಇಕ್ಕಟ್ಟಿದೆ. ಎರಡರಲ್ಲೂ ಒಬ್ಬನೇ ಮನುಷ್ಯನ ಬೆನ್ನುಹತ್ತಿ ಹೋಗುತ್ತಾರೆ, ದನಿಯೂ ತಗ್ಗುತ್ತದೆ.

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಕೊಲೆಯಾಯಿತು. ಅದನ್ನು ಪ್ರತಿಭಟಿಸಿ ಅದೇ ವರ್ಷದ ಅಕ್ಟೋಬರಿನಲ್ಲಿ ಕುಂವೀ ‘ಅರಮನೆ’ಗೆ ಸಿಕ್ಕ ಪ್ರಶಸ್ತಿಯನ್ನು ಹಿಂದಿರುಗಿಸಿದರು. ಬರೀ ಪ್ರಚಾರ ಎಂದು ಆಗ ಆಡಿಕೊಂಡವರು ಕಾದಂಬರಿಯನ್ನು ಓದಿರಲಿಕ್ಕಿಲ್ಲ. ಅರಮನೆಯ ಮನ್ನಣೆಗಿಂತ ಜನರ ನಡುವಿನ ಜಾಗ ದೊಡ್ಡದು ಎಂದು ಇಡೀ ಪುಸ್ತಕದುದ್ದಕ್ಕೂ ಬರೆದವರು ಇನ್ನೇನು ಮಾಡಬೇಕಿತ್ತು?

ಕುಂವೀಯನ್ನು ಹೊಸದಾಗಿ ಓದುವವರು ಕಥೆಗಳಿಂದ ಶುರುಮಾಡುವುದು ಒಳ್ಳೆಯದು. ‘ಅರಮನೆ’ಯನ್ನು ಆಮೇಲೆ ಎತ್ತಿಕೊಳ್ಳಲಿ, ಅದೂ ನಾಲ್ಕು ಜನರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಲಿ. ಕಣ್ಣಿಗೆ ತೊಡಕೆನಿಸುವ ವಾಕ್ಯ ಬಳ್ಳಾರಿ ಸೀಮೆಯ ಕಿವಿಗೆ ಸಲೀಸಾಗಿ ಇಳಿಯುತ್ತದೆ.