ಮನೆ ಬಿಟ್ಟವನ ಸಾಕ್ಷ್ಯ: ‘ಸಂಸ್ಕಾರ’ ಮತ್ತು ‘ಘಟಶ್ರಾದ್ಧ’

ಒಂದು ಮತದಲ್ಲಿ ಹುಟ್ಟಿ, ಅದರ ಅನ್ನವನ್ನುಂಡು, ಅದರ ಮಂತ್ರಗಳನ್ನು ಬಾಯಿಪಾಠ ಮಾಡಿ, ಕಾಲಾಂತರದಲ್ಲಿ ಅದರಿಂದ ಹೊರಬಿದ್ದವನು ಆ ಮತದ ವಿಷಯವಾಗಿ ಬರೆದರೆ ಅದನ್ನು ನಾವು ಹೇಗೆ ಓದತಕ್ಕದ್ದು? ಒಳಗಿರುವವರು ಅವನನ್ನು ಮನೆಮುರುಕನೆಂದು ಕರೆಯುವುದುಂಟು. ಹೊರಗಿರುವವರು ಅವನ ಮಾತೇ ಪೂರ್ಣಸತ್ಯವೆಂದು ತಲೆದೂಗುವುದುಂಟು. ಇವೆರಡೂ ಓದುವ ಕ್ರಮವಲ್ಲವೆಂಬುದು ನನ್ನ ಅಭಿಪ್ರಾಯ. ಸಂಸ್ಕೃತ ಪಾಠಶಾಲೆಯಲ್ಲಿ ಕಲಿತು, ಉಪಾಧ್ಯಾಯವೃತ್ತಿಯಲ್ಲಿ ಕಾಲ ಕಳೆದು, ಈಗ ಅಟ್ಟೂರಿನಲ್ಲಿ ವಿಶ್ರಾಂತನಾಗಿರುವ ನಾನು ಈ ಅಭಿಪ್ರಾಯಕ್ಕೆ ಬರುವುದಕ್ಕೆ ಬಹುಕಾಲ ಹಿಡಿಯಿತು. ಆ ವಿಳಂಬದ ಕಾರಣವನ್ನು ಮುಂದೆ ಅರಿಕೆಮಾಡಿಕೊಳ್ಳುತ್ತೇನೆ.

ಇಂಥ ಬರೆಹವು ಒಂದು ದೇಶಕ್ಕೆ ಮಾತ್ರ ಸೇರಿದುದಲ್ಲ. ಅಮೆರಿಕ ದೇಶದಲ್ಲಿ ಜೋಸೆಫ್ ಸ್ಮಿತ್ ಎಂಬವನು 1830ರಲ್ಲಿ ಸ್ಥಾಪಿಸಿದ ಸಭೆಯೊಂದುಂಟು. ಅದರ ಅನುಯಾಯಿಗಳಿಗೆ ಲೋಕರೂಢಿಯಲ್ಲಿ ಮಾರ್ಮನ್ನರೆಂದು ಹೆಸರು. ನಮ್ಮ ಬೆಂಗಳೂರಿನಲ್ಲಿಯೂ ತಮ್ಮದೊಂದು ದೇವಾಲಯವನ್ನು ಕಟ್ಟುವುದಾಗಿ ಆ ಸಭೆಯವರು 2018ರಲ್ಲಿ ಪ್ರಕಟಿಸಿದರು. ಫಾನ್ ಬ್ರೋಡಿ ಎಂಬ ವಿದುಷಿ ಆ ಮತದ ಪ್ರಸಿದ್ಧವಾದ ಮನೆತನದಲ್ಲಿಯೇ ಹುಟ್ಟಿ ಬೆಳೆದವರು. ಅವರು 1945ರಲ್ಲಿ ಆ ಮೂಲಪುರುಷನ ಜೀವನಚರಿತ್ರೆಯನ್ನು ಭಕ್ತಿಯನ್ನು ಬದಿಗಿಟ್ಟು ಬರೆದರು. ಮರುವರ್ಷವೇ ಸಭೆಯು ಅವರನ್ನು ಬಹಿಷ್ಕರಿಸಿತು. ಆ ಗ್ರಂಥದ ಗುಣದೋಷಗಳ ವಿಚಾರ ಬೇರೆ. ನಾವು ಇಲ್ಲಿ ಗಮನಿಸತಕ್ಕದ್ದು ಇಷ್ಟೆ: ಮಾತನಾಡಿದವರನ್ನು ಹೊರಗಿಟ್ಟ ಮಾತ್ರಕ್ಕೆ ಆಡಿದ ಮಾತಿಗೆ ಉತ್ತರವಾಗುವುದಿಲ್ಲ.

ನಮ್ಮ ನುಡಿಯಲ್ಲಿ ಇಂಥ ಸಾಕ್ಷ್ಯವನ್ನು ಹುಡುಕುವವರು ಯು. ಆರ್. ಅನಂತಮೂರ್ತಿಯವರ ಬರೆಹಕ್ಕೆ ಬಂದೇ ತೀರಬೇಕು. ಅವರು 1932ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದರು. ಮೊದಲ ವಿದ್ಯಾಭ್ಯಾಸ ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಆಯಿತು. ಬಳಿಕ ತೀರ್ಥಹಳ್ಳಿ, ಮೈಸೂರುಗಳಲ್ಲಿ ಓದಿ, ಇಂಗ್ಲಿಷ್ ಅಧ್ಯಾಪಕರಾಗಿ, ಕ್ರೈಸ್ತ ಕನ್ಯೆಯನ್ನು ವರಿಸಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆ ತೊಡಗಿದ್ದಾಗ ‘ಸಂಸ್ಕಾರ’ವನ್ನು ಬರೆದರು. ಅದು 1965ರಲ್ಲಿ ಅಚ್ಚಾಯಿತು. ಕಥೆ ನಡೆಯುವ ಅಗ್ರಹಾರದ ಹೆಸರೂ ದೂರ್ವಾಸಪುರವೇ. ಸಮುದ್ರದಾಚೆ ಕುಳಿತು ತನ್ನ ಬಾಲ್ಯದ ಪಾಠಶಾಲೆಯ ಊರನ್ನೇ ಹೆಸರು ಸಹಿತ ನೆನೆದ ಲೇಖಕನು ಆ ಊರನ್ನು ಎಷ್ಟರ ಮಟ್ಟಿಗೆ ಬಿಟ್ಟಿದ್ದನೆಂಬುದನ್ನು ವಾಚಕರೇ ಊಹಿಸಬಹುದು.

ಕಥೆಯು ಎಲ್ಲರಿಗೂ ತಿಳಿದುದೇ. ನಾರಣಪ್ಪನು ಬ್ರಾಹ್ಮಣ್ಯವನ್ನು ಬಿಟ್ಟವನು, ಸಾಲಿಗ್ರಾಮವನ್ನು ಹೊಳೆಗೆಸೆದವನು, ಚಂದ್ರಿಯೆಂಬವಳನ್ನು ಮನೆಯಲ್ಲಿಟ್ಟುಕೊಂಡವನು. ತನ್ನನ್ನು ಬಹಿಷ್ಕರಿಸಿದರೆ ತುರುಕರ ಮತವನ್ನು ಸೇರುತ್ತೇನೆಂದು ಅವನು ಹೆದರಿಸಿದ್ದರಿಂದ ಅಗ್ರಹಾರದವರು ಅವನನ್ನು ಬಹಿಷ್ಕರಿಸದೆ ಸುಮ್ಮನಿದ್ದರು. ಈಗ ಅವನು ಸತ್ತಿದ್ದಾನೆ. ಶವಕ್ಕೆ ಸಂಸ್ಕಾರ ಮಾಡತಕ್ಕವರು ಯಾರು? ತಾನಾಗಿ ಮತವನ್ನು ಬಿಟ್ಟವನನ್ನು ಮತವು ಬಿಟ್ಟಿಲ್ಲವಾದರೆ ಅವನು ಒಳಗಿನವನೋ ಹೊರಗಿನವನೋ? ಕಾಶಿಯಲ್ಲಿ ಓದಿ ಬಂದ ವೇದಾಂತಶಿರೋಮಣಿ ಪ್ರಾಣೇಶಾಚಾರ್ಯನು ಧರ್ಮಶಾಸ್ತ್ರದ ಗ್ರಂಥಗಳನ್ನೆಲ್ಲ ತಿರುವಿಹಾಕುತ್ತಾನೆ, ಉತ್ತರ ದೊರೆಯುವುದಿಲ್ಲ. ಮಾರುತಿಯ ಗುಡಿಯಲ್ಲಿ ಪ್ರಸಾದವನ್ನು ಕೇಳುತ್ತಾನೆ. ದೇವರೂ ಉತ್ತರ ಕೊಡುವುದಿಲ್ಲ. ಕಡೆಗೆ ಚಂದ್ರಿಯೇ ರಾತ್ರಿಯ ಕತ್ತಲೆಯಲ್ಲಿ ಒಬ್ಬ ಮುಸಲ್ಮಾನನ ನೆರವಿನಿಂದ ಶವವನ್ನು ದಹನ ಮಾಡಿಸಿ ಹೊರಟುಹೋಗುತ್ತಾಳೆ. ಅಗ್ರಹಾರದವರಿಗೆ ಅದರ ಅರಿವೇ ಇಲ್ಲದೆ, ಆಗಿಹೋದ ಕರ್ಮದ ಅಧಿಕಾರವನ್ನು ಕುರಿತು ಅವರ ಚರ್ಚೆ ನಡೆಯುತ್ತಲೇ ಇರುತ್ತದೆ.

ಒಳಗಿನವರ ಓದಿಗೆ ನಿದರ್ಶನ ಹುಡುಕಬೇಕಾಗಿಲ್ಲ. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಈ ಕಾದಂಬರಿಯನ್ನು ಚಲನಚಿತ್ರವನ್ನಾಗಿ ಮಾಡಿದಾಗ ಸೆನ್ಸಾರ್ ಮಂಡಲಿಯು ಮೊದಲು ಪ್ರದರ್ಶನಕ್ಕೆ ಅನುಮತಿಯನ್ನೇ ಕೊಡಲಿಲ್ಲ. ಒಂದು ಸಮುದಾಯದ ಮನಸ್ಸಿಗೆ ನೋವಾಗುವುದೆಂಬುದೇ ಭಯ. ಮುಂದೆ ಅದೇ ಚಿತ್ರಕ್ಕೆ ರಾಷ್ಟ್ರದ ಸ್ವರ್ಣಕಮಲವು ದೊರೆಯಿತು. ಹೊರಗಿನವರ ಓದಿಗೆ ವಿ. ಎಸ್. ನೈಪಾಲರು ನಿದರ್ಶನ. ಭಾರತವನ್ನು ಕುರಿತು 1977ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಅವರು ಪ್ರಾಣೇಶಾಚಾರ್ಯನನ್ನು ಹಿಂದೂ ಮನಸ್ಸಿನ ಮಾದರಿಯೆಂದು ಹಿಡಿದು ಚರ್ಚಿಸಿದರು. ಮಲೆನಾಡಿನ ಒಂದು ಅಗ್ರಹಾರವನ್ನು ಆಸೇತುಹಿಮಾಚಲವೆಂದು ತಿಳಿಯುವುದು ಅತಿವ್ಯಾಪ್ತಿದೋಷ. ಒಬ್ಬರು ಸಾಕ್ಷಿಯ ಬಾಯಿಯನ್ನು ಮುಚ್ಚಿಸಹೊರಟರು. ಇನ್ನೊಬ್ಬರು ಸಾಕ್ಷಿಯು ಹೇಳಿದುದಕ್ಕಿಂತ ಹೆಚ್ಚನ್ನು ಹೇಳಿಸಹೊರಟರು.

ಹಾಗಾದರೆ ಸಾಕ್ಷ್ಯವನ್ನು ಪರೀಕ್ಷಿಸುವ ಬಗೆ ಯಾವುದು? ಮೂರು ಪ್ರಶ್ನೆಗಳು ಸಾಕೆಂದು ತೋರುತ್ತದೆ. ಬಿಟ್ಟ ಮನೆಯನ್ನು ಇವನು ಚೆನ್ನಾಗಿ ಬಲ್ಲನೇ? ಅಲ್ಲಿ ಪೂಜ್ಯವಾದುದನ್ನು ಪೂಜ್ಯವೆಂದು ಕಾಣಬಲ್ಲನೇ? ನ್ಯಾಯಸ್ಥಾನದಲ್ಲಿ ತನ್ನನ್ನೂ ನಿಲ್ಲಿಸಿಕೊಂಡಿದ್ದಾನೆಯೇ? ಮೊದಲನೆಯದಕ್ಕೆ ‘ಸಂಸ್ಕಾರ’ದ ಪ್ರತಿಪುಟವೂ ಉತ್ತರ ಹೇಳುತ್ತದೆ. ಶವವೆತ್ತುವವರೆಗೆ ಊಟವಿಲ್ಲವೆಂಬ ನಿಯಮದಿಂದ ಹಸಿದವರ ಸಂಕಟ, ಸೂತಕವಿದ್ದೂ ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಕುಳಿತ ಆಚಾರ್ಯನ ಎದೆನಡುಕ, ಇವು ಪುಸ್ತಕವನ್ನೋದಿ ಬರೆಯತಕ್ಕ ಸಂಗತಿಗಳಲ್ಲ. ಎರಡನೆಯ ಪ್ರಶ್ನೆಗೂ ಮೂರನೆಯದಕ್ಕೂ ಪ್ರಾಣೇಶಾಚಾರ್ಯನೇ ಉತ್ತರ. ಲೇಖಕರು ಕಪಟಿಯೊಬ್ಬನನ್ನು ನಾಯಕನನ್ನಾಗಿ ಮಾಡಿ ಸುಲಭವಾಗಿ ಗೆಲ್ಲಬಹುದಾಗಿತ್ತು. ಆದರೆ ಅವರು ಆರಿಸಿಕೊಂಡದ್ದು ರೋಗಿಷ್ಠೆಯಾದ ಹೆಂಡತಿಯ ಸೇವೆಯನ್ನೇ ತಪಸ್ಸೆಂದು ಬಗೆದ ಶುದ್ಧನನ್ನು. ಅಂಥವನೇ ಕಾಡಿನಲ್ಲಿ ಚಂದ್ರಿಯೊಡನೆ ಜಾರಿ, ಅದನ್ನು ಊರಿಗೆ ಹೇಳಲಾರದೆ ಅಲೆಯುವಾಗ ವಿಚಾರಣೆಗೆ ಗುರಿಯಾಗುವುದು ಅಗ್ರಹಾರ ಮಾತ್ರವಲ್ಲ. ಸತ್ಯವನ್ನು ಬಲ್ಲೆನೆಂದುಕೊಂಡ ಪ್ರತಿಯೊಬ್ಬನೂ, ಬರೆಯುವವನೂ ಸೇರಿ, ಅದಕ್ಕೆ ಗುರಿಯಾಗುತ್ತಾನೆ.

ದೋಷಗಳಿಲ್ಲವೆಂದು ನಾನು ಹೇಳುವುದಿಲ್ಲ. ಆಚಾರ್ಯನೊಬ್ಬನನ್ನು ಬಿಟ್ಟರೆ ಅಗ್ರಹಾರದ ಉಳಿದ ಗಂಡಸರಲ್ಲಿ ಅನೇಕರು ಹಸಿವು, ಚಿನ್ನದಾಸೆ, ಹೊಟ್ಟೆಕಿಚ್ಚು ಇವುಗಳ ಗೊಂಬೆಗಳಾಗಿದ್ದಾರೆ. ಚಂದ್ರಿಯ ಒಡವೆಯನ್ನು ಕಂಡೊಡನೆ ಅವರ ಬುದ್ಧಿ ತಿರುಗುವ ರೀತಿ ನಗೆ ತರಿಸುವುದು ನಿಜ. ಆದರೆ ಬಡತನವನ್ನು ಕಂಡವನಿಗೆ ಆ ನಗೆ ಪೂರ್ತಿಯಾಗಿ ಬರುವುದಿಲ್ಲ. ಅಗ್ರಹಾರದ ಹೆಂಗಸರೆಲ್ಲ ಬತ್ತಿದವರು, ಶೂದ್ರಸ್ತ್ರೀಯರೆಲ್ಲ ಚೆಲುವೆಯರು ಎಂಬ ವಿಭಾಗವಂತೂ ಕಾವ್ಯನ್ಯಾಯಕ್ಕೂ ಲೋಕಾನುಭವಕ್ಕೂ ಒಪ್ಪುವುದಲ್ಲ. ಇಬ್ಬರಿಗೂ ಇದರಲ್ಲಿ ಅನ್ಯಾಯವಾಗಿದೆ. ಮನೆ ಬಿಟ್ಟವನ ಸಿಟ್ಟು ಇಲ್ಲಿ ಅವನ ಕಣ್ಣಿಗಿಂತ ಮುಂದೆ ಹೋಗಿದೆ.

ಈ ದೋಷವು ಕಾಣದಿರುವುದು ‘ಘಟಶ್ರಾದ್ಧ’ವೆಂಬ ಕಥೆಯಲ್ಲಿ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಇದನ್ನು ಚಿತ್ರವಾಗಿಸಿದ್ದರಿಂದ ಬಹಳ ಜನಕ್ಕೆ ಪರಿಚಿತವಾಗಿದೆ. ಮಲೆನಾಡಿನ ಒಂದು ವೇದಪಾಠಶಾಲೆ; ಗುರುಗಳಾದ ಉಡುಪರ ಮಗಳು ಯಮುನೆ ವಿಧವೆ; ಅವಳು ಗರ್ಭಿಣಿಯಾದುದು ಊರಿಗೆ ತಿಳಿಯುತ್ತದೆ. ತಂದೆಯು ಬದುಕಿರುವ ಮಗಳಿಗೆ ಸತ್ತವರಿಗೆ ಮಾಡುವ ಕರ್ಮವನ್ನು ಮಾಡಿ ಅವಳನ್ನು ಕುಲದಿಂದ ಕಳೆದುಕೊಳ್ಳುತ್ತಾನೆ. ಇದನ್ನೆಲ್ಲ ಕಾಣುವುದು ಪಾಠಶಾಲೆಗೆ ಹೊಸದಾಗಿ ಬಂದ ಬಾಲಕನ ಕಣ್ಣು. ಆ ಕಣ್ಣಿಗೆ ವಾದವಿಲ್ಲ, ಸಿಟ್ಟಿಲ್ಲ. ತನಗೆ ಅಕ್ಕರೆ ತೋರಿದ ಯಮುನಕ್ಕನು ಏಕೆ ಇಲ್ಲವಾದಳೆಂಬುದು ಮಾತ್ರ ಅದಕ್ಕೆ ತಿಳಿಯದು. ಸಾಕ್ಷ್ಯವು ಇದಕ್ಕಿಂತ ಶುದ್ಧವಾಗುವುದು ಕಷ್ಟ.

ಶಾಸ್ತ್ರವನ್ನು ಓದಿದವನಾಗಿ ನಾನಿಲ್ಲಿ ಒಂದು ಮಾತನ್ನು ಸೇರಿಸಬೇಕು. ಈ ಕರ್ಮದ ವಿಧಿ ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿದೆ. ಪತಿತನಾದವನಿಗೆ ಬಂಧುಗಳು ಊರ ಹೊರಗೆ, ನಿಂದ್ಯವಾದ ದಿನದ ಸಾಯಂಕಾಲ, ಗುರುಗಳ ಮುಂದೆ ಪ್ರೇತಕ್ಕೆಂಬಂತೆ ಉದಕವನ್ನು ಬಿಡಬೇಕು. ದಾಸಿಯೊಬ್ಬಳು ನೀರು ತುಂಬಿದ ಘಟವನ್ನು ಕಾಲಿನಿಂದ ಉರುಳಿಸಬೇಕು. ಇಷ್ಟನ್ನು ಎಲ್ಲರೂ ಬಲ್ಲರು. ಕೆಲವೇ ಶ್ಲೋಕಗಳ ಅನಂತರ ಬರುವುದನ್ನು ಬಲ್ಲವರು ಕಡಮೆ. ಪ್ರಾಯಶ್ಚಿತ್ತವಾದ ಮೇಲೆ ಬಂಧುಗಳು ಅವನೊಡನೆಯೇ ಪುಣ್ಯಜಲದಲ್ಲಿ ಮಿಂದು, ನೀರು ತುಂಬಿದ ಹೊಸ ಕುಂಭವನ್ನು ಅಲ್ಲಿ ಹಾಕಿ, ಅವನನ್ನು ಮೊದಲಿನಂತೆ ಕೂಡಿಸಿಕೊಳ್ಳಬೇಕೆಂದು ಅಲ್ಲಿಯೇ ಹೇಳಿದೆ. ಸ್ತ್ರೀಯು ಪತಿತಳಾದರೂ ಅವಳಿಗೆ ಬಟ್ಟೆ, ಅನ್ನ, ಪಾನಗಳನ್ನು ಕೊಡತಕ್ಕದ್ದು, ಅವಳು ಮನೆಯ ಹತ್ತಿರವೇ ವಾಸಿಸತಕ್ಕದ್ದು ಎಂದೂ ಹೇಳಿದೆ. ಉಡುಪರ ಅಗ್ರಹಾರವು ಮೊದಲ ಘಟವನ್ನು ಉರುಳಿಸಿತು. ಎರಡನೆಯದನ್ನು ತುಂಬುವ ಯೋಚನೆಯನ್ನೇ ಮಾಡಲಿಲ್ಲ. ಇದರಿಂದ ಶಾಸ್ತ್ರವು ನಿರ್ದೋಷವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಕುಲೀನರು ತಾವು ಮಾಡಲೊಲ್ಲದ ಕೆಲಸವನ್ನು ದಾಸಿಯ ಕಾಲಿನಿಂದ ಮಾಡಿಸಿದುದು ಆ ವಿಧಿಯಲ್ಲಿಯೇ ಇದೆ. ದೂರ್ವಾಸಪುರದಲ್ಲಿ ಬ್ರಾಹ್ಮಣರು ಮಾಡಲೊಲ್ಲದುದನ್ನು ಚಂದ್ರಿ ಮಾಡಿದಳೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅನಂತಮೂರ್ತಿಯವರು ಮನೆಯ ಗೋಡೆಯನ್ನಲ್ಲ, ಅಡಿಗಲ್ಲನ್ನೇ ಮುಟ್ಟಿದ್ದಾರೆಂದು ತಿಳಿದೀತು.

ಇನ್ನು ನನ್ನ ವಿಳಂಬದ ಕಾರಣ. ನಾನು ಪಾಠಶಾಲೆಯಲ್ಲಿದ್ದಾಗ ನನ್ನ ತಮ್ಮನು ‘ಸಂಸ್ಕಾರ’ದ ಒಂದು ಪ್ರತಿಯನ್ನು ಕೊಂಡು ತಂದನು. ನಾಲ್ಕು ಪುಟಗಳನ್ನೋದಿ, ಇದು ನಮ್ಮವರನ್ನು ಬೈಯುವುದಕ್ಕೆ ಬರೆದ ಪುಸ್ತಕವೆಂದು ಹಿಂದಕ್ಕೆ ಕೊಟ್ಟೆನು. ಮುಂದೆ ಅವನು ಬೇರೆ ಮತದ ಹುಡುಗಿಯನ್ನು ಮದುವೆಯಾದನು. ನಮ್ಮ ತಂದೆಯವರು ಯಾವ ಘಟವನ್ನೂ ಉರುಳಿಸಲಿಲ್ಲ. ಅವನ ಹೆಸರನ್ನೆತ್ತುವುದನ್ನು ಬಿಟ್ಟರು, ಅಷ್ಟೆ. ತಂದೆಯವರ ಮೊದಲ ವರ್ಷದ ಶ್ರಾದ್ಧದ ದಿನ ಅವನು ಅಟ್ಟೂರಿಗೆ ಬಂದು ನಮ್ಮ ಮನೆಯ ಮುಂದಿನ ಹೊಂಗೆಯ ಮರದ ಕೆಳಗೆ ನಿಂತಿದ್ದನ್ನು ಕಿಟಕಿಯಿಂದ ಕಂಡೆನು. ಪುರೋಹಿತರು, “ತಮ್ಮಂದಿರು ಯಾರಾದರೂ ಇದ್ದಾರೆಯೇ?” ಎಂದು ಕೇಳಿದರು. ನಾನು “ಇಲ್ಲ” ಎಂದೆನು. ಬ್ರಾಹ್ಮಣಭೋಜನ ಮುಗಿದು ಹೊರಗೆ ಬಂದಾಗ ಜಗಲಿಯ ಮೇಲೆ ಒಂದು ಚಿಪ್ಪು ಬಾಳೆಯ ಹಣ್ಣಿತ್ತು, ಅವನಿರಲಿಲ್ಲ. ಹೊಸ ಕುಂಭದ ಶ್ಲೋಕವು ನನಗೆ ಆ ದಿನವೂ ಬಾಯಿಗೆ ಬರುತ್ತಿತ್ತು.

ಕಳೆದ ವರ್ಷ ಹೆಬ್ಬಾಳದಲ್ಲಿರುವ ಅವನ ಮನೆಗೆ ಹೋಗಿ ಆ ಪುಸ್ತಕವನ್ನು ಕೇಳಿದೆನು. ಅವನು ಏನನ್ನೂ ಕೇಳದೆ ತೆಗೆದುಕೊಟ್ಟನು. ಈ ಸಲ ಕಡೆಯವರೆಗೂ ಓದಿದೆನು. ಆದುದರಿಂದ ಸಹೃದಯರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಮನೆ ಬಿಟ್ಟವನು ಬರೆದ ಪುಸ್ತಕವು ಕೈಗೆ ಬಂದಾಗ ಅವನು ಎಲ್ಲಿ ತಪ್ಪಿದ್ದಾನೆಂದು ಅವಶ್ಯವಾಗಿ ನೋಡಿರಿ, ಅದು ವಿಮರ್ಶಕನ ಧರ್ಮ. ಆದರೆ ಅವನು ಹೊರಗೆ ನಿಂತಿದ್ದಾಗ ಒಳಗಿದ್ದ ನಾವು ಪುರೋಹಿತರಿಗೆ ಏನೆಂದು ಉತ್ತರ ಕೊಟ್ಟೆವೆಂಬುದನ್ನೂ ಅದರೊಡನೆಯೇ ನೆನೆಯಿರಿ.