'ತುಳಸಿದಳ'ದ ಭಯವೂ ನಮ್ಮ ಓದುಗರೂ

ಕಳೆದ ಶ್ರಾವಣದಲ್ಲಿ ರಾಯಚೂರಿನಲ್ಲಿ ಹಳೆಯ ವಿದ್ಯಾರ್ಥಿಗಳು ಕೂಡಿದ್ದಾಗ, ಪ್ರಸಾದವಾದ ಮೇಲೆ ಮಾತು ಪುಸ್ತಕಗಳ ಕಡೆಗೆ ತಿರುಗಿತು. ಕಾರಂತ, ಭೈರಪ್ಪ ಎಂದು ಗಂಭೀರವಾಗಿ ಆರಂಭವಾದ ಚರ್ಚೆ ಕಾಲು ಗಂಟೆಯೊಳಗೆ ಯಂಡಮೂರಿ ವೀರೇಂದ್ರನಾಥರ ಬಳಿಗೆ ಬಂದು ನಿಂತಿತು. ಮುಂದೆ ಎರಡು ಗಂಟೆ ಅಲ್ಲಿಂದ ಕದಲಲಿಲ್ಲ. ಪ್ರಸಾದನಿಲಯದಲ್ಲಿ ಪಠ್ಯಪುಸ್ತಕದ ನಡುವೆ 'ತುಳಸಿದಳ'ವನ್ನು ಅಡಗಿಸಿಟ್ಟು ಓದಿದ್ದನ್ನು, ಇಂದು ಮೊಮ್ಮಕ್ಕಳನ್ನು ಕಂಡಿರುವ ಹಿರಿಯರು ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಂಡರು. ಈ ಸಾಲುಗಳನ್ನು ಬರೆಯುತ್ತಿರುವವನೂ ಆ ಅಪರಾಧಿಗಳಲ್ಲಿ ಒಬ್ಬನೇ.

ರಾಯಚೂರು ಸೀಮೆಗೆ ಈ ತೆಲುಗು ಲೇಖಕರು ಹೊರಗಿನವರಲ್ಲ. ೧೯೫೬ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ ಮನೆಯ ಮಾತು ಕನ್ನಡವಾದರೆ, ಕಚೇರಿಯಲ್ಲಿ ಉರ್ದು, ಪೇಟೆಯಲ್ಲಿ ತೆಲುಗು. ನಮ್ಮ ತಂದೆಯವರ ಪೀಳಿಗೆಯಲ್ಲಿ ಇಬ್ನೆ ಸಫಿಯವರ ಪತ್ತೇದಾರಿ ಕಥೆಗಳನ್ನು ಉರ್ದುವಿನಲ್ಲಿಯೇ ಓದಿದವರುಂಟು. ತೆಲುಗು ಬಲ್ಲವರು 'ತುಳಸಿದಳಂ' ಕಾದಂಬರಿಯನ್ನು ಮೂಲದಲ್ಲಿ ಓದಿದರು. ಉಳಿದವರಿಗೆ ವಂಶಿಯವರ ಕನ್ನಡ ಅನುವಾದ ಒದಗಿತು. ೧೯೮೫ರಲ್ಲಿ ಅದು ಕನ್ನಡ ಚಲನಚಿತ್ರವೂ ಆಯಿತು.

ಕಥೆಯನ್ನು ಮರೆತವರಿಗಾಗಿ ಎರಡು ಮಾತು. ತುಳಸಿ ಎಂಬ ಹೆಣ್ಣುಮಗುವಿನ ಹೆಸರಿಗೆ ದೊಡ್ಡ ಹಣ ಬರುತ್ತದೆ. ಆ ಹಣದ ಮೇಲೆ ಕಣ್ಣಿಟ್ಟವರು ಒಳಗೊಳಗೇ ಹುನ್ನಾರ ಹೂಡಿ, ಒರಿಸ್ಸಾದ ಮಾಂತ್ರಿಕನೊಬ್ಬನಿಂದ ಮಗುವಿನ ಮೇಲೆ 'ಕಾಷ್ಮೋರ'ವೆಂಬ ಕ್ಷುದ್ರಪ್ರಯೋಗ ಮಾಡಿಸುತ್ತಾರೆ. ಮಗುವನ್ನು ಉಳಿಸಲು ಒಂದೆಡೆ ವೈದ್ಯರೂ ಮನೋವೈದ್ಯರೂ, ಇನ್ನೊಂದೆಡೆ ಮಂತ್ರ ಬಲ್ಲವರೂ ಹೆಣಗುತ್ತಾರೆ.

ಅಂದು ಕೇಳಿಬಂದ ಅಭಿಪ್ರಾಯಗಳು ಸ್ವಾರಸ್ಯವಾಗಿದ್ದವು. ಮಾನ್ವಿಯ ನಿವೃತ್ತ ಅಧ್ಯಾಪಕರೊಬ್ಬರು, ನಾಲ್ಕು ಪುಟದ ಪಾಠ ಓದಲು ಆಕಳಿಸುತ್ತಿದ್ದ ಹುಡುಗರು ಈ ಕಾದಂಬರಿಗಳನ್ನು ರಾತ್ರಿಯಿಡೀ ಓದಿದರು, ಅವರಲ್ಲಿ ಕೆಲವರು ಮುಂದೆ ಒಳ್ಳೆಯ ಪುಸ್ತಕಗಳಿಗೂ ಬಂದರು, ಈ ಉಪಕಾರವನ್ನು ಮರೆಯಬಾರದು ಎಂದರು. ರಾಯಚೂರಿನ ವರ್ತಕರೊಬ್ಬರು ಕಥೆಯನ್ನು ಕಥೆಯೆಂದು ಓದಿ ಮಡಚಿಟ್ಟರೆ ಮುಗಿಯಿತು, ಅದಕ್ಕೇಕೆ ಇಷ್ಟು ವಿಚಾರಣೆ ಎಂದು ನಕ್ಕರು. ಎಳೆಯರೊಬ್ಬರಿಗೆ ಕಾದಂಬರಿಗಳ ಪರಿಚಯವೇ ಇರಲಿಲ್ಲ. 'ವಿಜಯಾನಿಕಿ ಐದು ಮೆಟ್ಲು' ಬರೆದು ಧೈರ್ಯ ಹೇಳಿದ ಗುರುವಾಗಿಯೇ ಅವರು ಯಂಡಮೂರಿಯವರನ್ನು ಬಲ್ಲರು. ಕೊನೆಗೆ ಮಾತನಾಡಿದವರು ದೇವದುರ್ಗದ ತಾಯಿಯೊಬ್ಬರು. ಆ ಪುಸ್ತಕ ಓದಿದ ವಾರದಲ್ಲಿಯೇ ಮಗಳ ತೋಳಿಗೆ ತಾಯಿತ ಕಟ್ಟಿಸಿದೆ, ಇಷ್ಟಲಿಂಗ ಧರಿಸುವ ನಮ್ಮ ಮನೆಯಲ್ಲಿ ಅದೇ ಮೊದಲ ತಾಯಿತ ಎಂದು ಅವರು ತಲೆ ತಗ್ಗಿಸಿ ಹೇಳಿದಾಗ, ನಗುತ್ತಿದ್ದವರು ಸುಮ್ಮನಾದರು.

ಲೇಖಕರ ಸಾಮರ್ಥ್ಯವನ್ನು ಅಲ್ಲಗಳೆಯುವಂತಿಲ್ಲ. ವಾರಪತ್ರಿಕೆಯ ಧಾರಾವಾಹಿಯಲ್ಲಿ ಪಳಗಿದ ಕೈ ಅದು. ಪ್ರತಿ ಅಧ್ಯಾಯವೂ ಮುಂದಿನ ವಾರಕ್ಕೆ ಓದುಗನನ್ನು ಕಟ್ಟಿಹಾಕಿಯೇ ಮುಗಿಯುತ್ತದೆ. ಅವರು ಚಾರ್ಟರ್ಡ್ ಅಕೌಂಟೆಂಟ್ ವೃತ್ತಿಯವರು. ಮಾಟದ ಹೊಗೆಯ ಹಿಂದೆಯೂ ಹಣದ ಲೆಕ್ಕ ಅವರಿಗೆ ಸ್ಪಷ್ಟವಾಗಿ ಕಾಣುತ್ತದೆ. ದೆವ್ವಕ್ಕಿಂತ ಆಸೆಬುರುಕ ಮನುಷ್ಯ ಭಯಂಕರನೆಂಬುದನ್ನು 'ತುಳಸಿದಳ'ದ ಮೊದಲ ಭಾಗ ಚೆನ್ನಾಗಿಯೇ ತೋರಿಸುತ್ತದೆ.

ದೋಷವಿರುವುದು ಮುಂದೆ. ಮಗುವಿನ ನರಳಾಟಕ್ಕೆ ವಿಜ್ಞಾನದ ವಿವರಣೆಯನ್ನೂ ಮಂತ್ರದ ವಿವರಣೆಯನ್ನೂ ಲೇಖಕರು ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು, ಯಾವುದು ದಿಟವೆಂಬುದನ್ನು ಓದುಗನ ಪಾಲಿಗೆ ಬಿಟ್ಟುಬಿಡುತ್ತಾರೆ. ಇದು ಪ್ರಾಮಾಣಿಕವಾದ ಸಂದೇಹವಲ್ಲವೇ ಎಂದು ಅಧ್ಯಾಪಕರು ಕೇಳಿದರು. ಆದರೆ ನಮ್ಮ ಸೀಮೆಯಲ್ಲಿ ತಕ್ಕಡಿಯ ಒಂದು ತಟ್ಟೆ ಮೊದಲೇ ತುಂಬಿದೆ. ಕಲಬುರ್ಗಿ, ಬೀದರ, ರಾಯಚೂರುಗಳಲ್ಲಿ ಬಾನಾಮತಿಯೆಂಬ ಹೆಸರು ಕೇಳದ ಹಳ್ಳಿಯುಂಟೇ? ಅಂತಹ ನೆಲದಲ್ಲಿ ಸಮತೂಕವೆಂಬುದು ಮಾಂತ್ರಿಕನ ಕಡೆಗೇ ವಾಲುತ್ತದೆ. ತೆಲುಗಿನ ಲೇಖಕಿ ರಂಗನಾಯಕಮ್ಮನವರು ಈ ಕಾದಂಬರಿಯನ್ನು ಗಾಂಜಾದ ದಮ್ಮಿಗೆ ಹೋಲಿಸಿ ಕಟುವಾಗಿ ವಿಮರ್ಶಿಸಿದ್ದರು. ಆ ಹೋಲಿಕೆ ತುಸು ಖಾರವಾಯಿತೆಂದು ನನಗೆ ಹಿಂದೆ ಅನ್ನಿಸುತ್ತಿತ್ತು.

ಹಾಗೆ ಅನ್ನಿಸದಂತೆ ಮಾಡಿದ್ದು ಒಂದು ಘಟನೆ. ದೇವದುರ್ಗ ತಾಲ್ಲೂಕಿನಲ್ಲಿ ನಮ್ಮ ಬಂಧುಗಳ ಮನೆಯಲ್ಲಿ ಎಂಟು ವರ್ಷದ ಹುಡುಗಿಗೆ ಜ್ವರ ಬಂದು ಕನವರಿಕೆ ಹತ್ತಿತು. ಅದು ಕಾಷ್ಮೋರವೇ ಎಂದವನು ಅನಕ್ಷರಸ್ಥನಲ್ಲ, ಕಾಲೇಜು ಮೆಟ್ಟಿಲು ಹತ್ತಿದ ಸೋದರಮಾವ. ಪುಸ್ತಕ ಅವನ ಕೈಯಲ್ಲಿಯೇ ಇತ್ತು. ಓಣಿಯ ವಿಧವೆಯೊಬ್ಬಳು ಹುಡುಗಿಗೆ ಬೆಲ್ಲ ಕೊಟ್ಟಿದ್ದಳೆಂದು ಯಾರೋ ನೆನಪಿಸಿದರು. ಎರಡು ದಿನ ನಿಂಬೆಹಣ್ಣು, ಬೂದಿಗಳಲ್ಲಿ ಕಳೆದವು. ಮೂರನೆಯ ದಿನ ರಾಯಚೂರಿಗೆ ಕರೆತಂದಾಗ ವೈದ್ಯರು ವಿಷಮಶೀತಜ್ವರವೆಂದರು. ಹುಡುಗಿ ಉಳಿದಳು. ಆ ವಿಧವೆ ಮಾತ್ರ ಮತ್ತೆಂದೂ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಕ್ಷಮೆ ಕೇಳಲು ಯಾರೂ ಹೋಗಲೂ ಇಲ್ಲ. ಕಥೆಯನ್ನು ಮಡಚಿಟ್ಟರೆ ಮುಗಿಯಿತೆಂಬ ವರ್ತಕರ ಮಾತಿಗೆ ನನ್ನ ಬಳಿ ಇರುವ ಉತ್ತರ ಇಷ್ಟೇ.

೨೦೦೩ರಲ್ಲಿ ಪ್ರಕಟವಾಗಿ ಲೋಕದ ತುಂಬ ಮಾರಾಟವಾದ ಡಾನ್ ಬ್ರೌನ್ ಅವರ 'ದ ಡಾ ವಿಂಚಿ ಕೋಡ್' ಕೂಡ, ತನ್ನೊಳಗಿನ ಕಲಾಕೃತಿ, ಕಟ್ಟಡ, ದಾಖಲೆ, ಗುಪ್ತವಿಧಿಗಳ ವರ್ಣನೆಯೆಲ್ಲ ನಿಖರವೆಂದು ಆರಂಭದಲ್ಲಿಯೇ ಸಾರಿತು. ಓದಿದವರು ಸ್ಕಾಟ್ಲೆಂಡಿನ ರಾಸ್ಲಿನ್ ಪ್ರಾರ್ಥನಾಮಂದಿರಕ್ಕೆ ಗುಂಪುಗುಂಪಾಗಿ ಹೋದರು. ಅವರಿಗೆ ಆದ ನಷ್ಟ ಹೆಚ್ಚೆಂದರೆ ಪ್ರಯಾಣದ ಖರ್ಚು. ನಮ್ಮಲ್ಲಿ ೨೦೧೭ರಲ್ಲಿ ವಾಮಾಚಾರದ ವಿರುದ್ಧ ಶಾಸನವನ್ನೇ ತರಬೇಕಾಯಿತು. ಹನ್ನೆರಡನೆಯ ಶತಮಾನದಲ್ಲಿಯೇ ಶಕುನ, ಮುಹೂರ್ತ, ಕ್ಷುದ್ರದೈವಗಳ ಭಯವನ್ನು ಶರಣರು ಕಿತ್ತೊಗೆದರೆಂದು ವರ್ಷವರ್ಷವೂ ಭಾಷಣ ಮಾಡುವ ನಾವು, ಒಂದು ಕಾದಂಬರಿಯ ಮುಂದೆ ಅಷ್ಟು ಬೇಗ ಸೋತದ್ದೇಕೆ ಎಂಬ ಪ್ರಶ್ನೆ ಲೇಖಕರಿಗಿಂತ ನಮಗೇ ಹೆಚ್ಚು ಸಲ್ಲುತ್ತದೆ.

ಅದೇ ಲೇಖನಿಯಿಂದ 'ಅಭಿಲಾಷ'ವೂ ಬಂದಿದೆ. ಮರಣದಂಡನೆಯನ್ನು ತೊಡೆದುಹಾಕಬೇಕೆಂಬ ಹಂಬಲದ ವಕೀಲನೊಬ್ಬ ತಾನೇ ಹೂಡಿದ ಹುನ್ನಾರದಲ್ಲಿ ಸಿಲುಕುವ ಕಥೆ ಅದು. ಉಸಿರು ಬಿಗಿಹಿಡಿದು ಓದಿದರೂ ಮನಸ್ಸಿನಲ್ಲಿ ಉಳಿಯುವುದು ನ್ಯಾಯದ ಪ್ರಶ್ನೆ. ೧೯೯೫ರಲ್ಲಿ ಸುನೀಲ್‌ಕುಮಾರ್ ದೇಸಾಯಿಯವರು ತೆರೆಗೆ ತಂದ 'ಬೆಳದಿಂಗಳ ಬಾಲೆ'ಯ ಮೂಲ ಕಾದಂಬರಿಯಲ್ಲಿ ಚದುರಂಗದ ಆಟಗಾರನೊಬ್ಬ, ದೂರವಾಣಿಯಲ್ಲಿ ದನಿಯಷ್ಟೇ ಆಗಿರುವ ಹೆಣ್ಣೊಬ್ಬಳನ್ನು ಬುದ್ಧಿಯಿಂದಲೇ ಹುಡುಕುತ್ತ ಹೋಗುತ್ತಾನೆ. ಅಲ್ಲಿಯೂ ರಹಸ್ಯವಿದೆ, ಆದರೆ ಅದು ಯಾರ ತೋಳಿಗೂ ತಾಯಿತ ಕಟ್ಟಿಸುವುದಿಲ್ಲ. ಭಯವಿಲ್ಲದೆಯೇ ಓದುಗನನ್ನು ಹಿಡಿದಿಡಬಲ್ಲವರು ಭಯವನ್ನೇ ಬಂಡವಾಳ ಮಾಡಿಕೊಂಡದ್ದಕ್ಕೆ ನನಗೆ ಕೋಪಕ್ಕಿಂತ ಬೇಸರವೇ ಹೆಚ್ಚು.

'ತುಳಸಿದಳ'ವನ್ನು ಪ್ರಸಾದನಿಲಯದ ಗ್ರಂಥಾಲಯದಲ್ಲಿ ಇಡಬೇಕೋ ಬೇಡವೋ ಎಂಬ ಮಾತಿಗೆ ಅಂದು ಒಮ್ಮತ ದೊರೆಯಲಿಲ್ಲ. ಅಡಗಿಸಿ ಓದಿದಾಗ ಭಯ ಇಮ್ಮಡಿಯಾಗುತ್ತದೆಂಬುದನ್ನು ಅನುಭವದಿಂದ ಬಲ್ಲೆನಾದ್ದರಿಂದ, ಕಾಲೇಜು ಓದುವವರಿಗಾದರೂ ಅದನ್ನು ಬಹಿರಂಗವಾಗಿ ಕೊಡಬೇಕು, ಓದಿದವರನ್ನು ಕೂರಿಸಿಕೊಂಡು ಚರ್ಚಿಸಬೇಕು, ಪಕ್ಕದಲ್ಲಿ 'ಅಭಿಲಾಷ'ವೂ ಇರಬೇಕು ಎಂದೆ. ಅಧ್ಯಾಪಕರು ಹೌದೆಂದರು. ದೇವದುರ್ಗದ ತಾಯಿಯವರು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.